ಕಪ್ಪೆ ಅರಭಟ್ಟನ ತ್ರಿಪದಿಗಳಲ್ಲಿ ಗಣ, ಪ್ರಾಸ ಮತ್ತು ಪದಾವೃತ್ತಿ

೧. ವಿಷಯಪ್ರವೇಶ

ಬಾದಾಮಿಯ ಕೆರೆಗೆ ಈಶಾನ್ಯದಲ್ಲಿರುವ ಬಂಡೆಯ ಮೇಲೆ ಕೊರೆಯಲ್ಪಟ್ಟಿರುವ ಕಪ್ಪೆ ಅರಭಟ್ಟನ ಶಾಸನವು ಕನ್ನಡ ಪದ್ಯಸಾಹಿತ್ಯದ ಅತಿ ಪ್ರಾಚೀನವಾದ ಅವಶೇಷಗಳಲ್ಲೊಂದು. ಇದರಲ್ಲಿ ಕಾಲನಿರ್ದೇಶವಿಲ್ಲ, ಆಳುವ ಅರಸನ ಹೆಸರೂ ಇಲ್ಲ. ಲಿಪಿಸ್ವರೂಪವನ್ನೂ ಭಾಷಾಸ್ವರೂಪವನ್ನೂ ಪರಿಶೀಲಿಸಿ ವಿದ್ವಾಂಸರು ಇದನ್ನು ಸುಮಾರು ಕ್ರಿ. ಶ. ೭೦೦ಕ್ಕೆ ಸೇರಿಸಿರುವರು. ಜೆ. ಎಫ್. ಫ್ಲೀಟ್ ಅವರು ೧೮೮೧ರಲ್ಲಿ ಇಂಡಿಯನ್ ಆಂಟಿಕ್ವರಿ ಎಂಬ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದಂದಿನಿಂದ ಕನ್ನಡ ಭಾಷೆಯ ಚರಿತ್ರೆಯನ್ನು ಬರೆಯುವವರೂ ಕನ್ನಡ ಛಂದಸ್ಸಿನ ವಿಕಾಸವನ್ನು ವಿಚಾರಿಸುವವರೂ ಇದನ್ನು ತಪ್ಪದೆ ಉದಾಹರಿಸುತ್ತ ಬಂದಿರುವರು. ಪಾಠವು ಕನ್ನಡ ವಾಚಕರಿಗೆ ಸುಪರಿಚಿತವಾಗಿರುವುದರಿಂದ ಅದನ್ನು ಇಲ್ಲಿ ಮತ್ತೆ ಬರೆಯದೆ, ವಿಚಾರಕ್ಕೆ ಬೇಕಾದ ಬಿಡಿ ಪದಗಳನ್ನು ಮಾತ್ರ ಎತ್ತಿಕೊಂಡಿದೆ.

ಸಾಮಾನ್ಯವಾಗಿ ಈ ಶಾಸನವನ್ನು ಸ್ಮರಿಸುವುದು ಎರಡು ಕಾರಣಗಳಿಂದ. ತ್ರಿಪದಿಯೆಂಬ ದೇಶೀಯ ಬಂಧಕ್ಕೆ ಇದು ಅತಿ ಹಳೆಯ ನಿದರ್ಶನವೆಂಬುದು ಒಂದು. ಕನ್ನಡಿಗರ ಶೀಲವನ್ನು ಇದು ಕೆಲವೇ ಮಾತುಗಳಲ್ಲಿ ಚಿತ್ರಿಸುತ್ತದೆಂಬುದು ಮತ್ತೊಂದು. ಈ ಎರಡೂ ಯುಕ್ತವಾದುವೇ. ಆದರೆ ಪದ್ಯವನ್ನು ಪದ್ಯವಾಗಿ ನೋಡುವಾಗ ಮೂರನೆಯದೊಂದು ಪ್ರಶ್ನೆಯು ಏಳುತ್ತದೆ. ಮೂರೇ ಮೂರು ತ್ರಿಪದಿಗಳ ಈ ಪುಟ್ಟ ರಚನೆಯಲ್ಲಿ ಕೆಲವು ಪದಗಳು ಮತ್ತೆ ಮತ್ತೆ ಬರುತ್ತವೆ. ‘ಸಾಧು’, ‘ಮಾಧುರ್ಯ’ ಎಂಬ ಪದಗಳು ಎರಡೆರಡು ಸಲ; ‘ವಿಪರೀತ’ ಎಂಬುದು ಪೀಠಿಕೆಯ ಭಾಗವನ್ನೂ ಕೂಡಿಸಿಕೊಂಡರೆ ನಾಲ್ಕು ಸಲ; ‘ಕಲಿ’ ಎಂಬುದು ಸಮಾಸದೊಳಗಿರುವುದನ್ನೂ ಗಣಿಸಿದರೆ ಐದು ಸಲ. ಇದು ಶಬ್ದದಾರಿದ್ರ್ಯವೋ, ಅಥವಾ ಬುದ್ಧಿಪೂರ್ವಕವಾದ ರಚನೆಯೋ? ಮೊದಲನೆಯದಾದರೆ ಈ ಪದ್ಯಗಳು ಚಾರಿತ್ರಿಕ ಮಹತ್ತ್ವವುಳ್ಳ, ಆದರೆ ಕಾವ್ಯದೃಷ್ಟಿಯಿಂದ ಬಾಲ್ಯಾವಸ್ಥೆಯಲ್ಲಿರುವ ರಚನೆಗಳೆನ್ನಬೇಕಾಗುವುದು. ಎರಡನೆಯದಾದರೆ ಏಳನೆಯ ಶತಮಾನದ ಕೊನೆಯ ವೇಳೆಗೇ ಕನ್ನಡದ ದೇಸಿಯು ಗಣಸ್ಥಾನವನ್ನರಿತು ಪದವನ್ನಿಡುವಷ್ಟು ಪಕ್ವವಾಗಿತ್ತೆಂದು ಒಪ್ಪಬೇಕಾಗುವುದು. ಗಣ, ಪ್ರಾಸ, ಆವೃತ್ತಿ ಈ ಮೂರನ್ನೂ ಕೂಡಿಸಿ ನೋಡಿದರಲ್ಲದೆ ಈ ಪ್ರಶ್ನೆಗೆ ಉತ್ತರವು ದೊರೆಯಲಾರದು.

೨. ಶಾಸನದ ಅಂಗಗಳು

ಹತ್ತು ಸಾಲುಗಳ ಈ ಶಾಸನದಲ್ಲಿ ಮೂರು ಅಂಗಗಳಿವೆ. ಮೊದಲು ನಾಯಕನ ಹೆಸರೂ ಅವನ ವಿಶೇಷಣಗಳೂ ಬರುತ್ತವೆ: ಅವನು ಶಿಷ್ಟಜನರಿಗೆ ಪ್ರಿಯನು, ಕಷ್ಟಜನರಿಂದ ವರ್ಜಿತನು, ‘ಕಲಿಯುಗವಿಪರೀತ’ನು. ಬಳಿಕ ಸಂಸ್ಕೃತದಲ್ಲಿ ಒಂದು ಅನುಷ್ಟುಪ್ ಶ್ಲೋಕ. ತೇಜಸ್ವಿಯಾದವನಿಗೆ ಮಾನಭಂಗಕ್ಕಿಂತ ಮರಣವೇ ಲೇಸೆಂಬುದು ಅದರ ಅರ್ಥ. ಕೊನೆಯಲ್ಲಿ ಕನ್ನಡದ ಮೂರು ತ್ರಿಪದಿಗಳು. ಮೊದಲನೆಯದು ನಾಯಕನ ನಡತೆಯನ್ನು ಹೇಳುತ್ತದೆ; ಎರಡನೆಯದು ಒಳ್ಳಿತು ಹೊಲ್ಲದುಗಳಿಗೂ ಪುರಾಕೃತಕ್ಕೂ ಇರುವ ಸಂಬಂಧವನ್ನು; ಮೂರನೆಯದು, ಕಟ್ಟಿಹಾಕಿದ ಸಿಂಹವನ್ನು ಬಿಟ್ಟವರಂತೆ ಅವನ ಶತ್ರುಗಳು ಅವಿಚಾರದಿಂದ ಕೆಟ್ಟ ಬಗೆಯನ್ನು.

ಆವೃತ್ತಿಯು ತ್ರಿಪದಿಗಳಲ್ಲಿ ಮಾತ್ರವೇ ಇರುವುದಲ್ಲ. ಪೀಠಿಕೆಯ ಎರಡು ವಿಶೇಷಣಗಳು ‘ಷ್ಟ’ ಎಂಬ ಸಂಯುಕ್ತಾಕ್ಷರದಿಂದಲೂ ‘ಜನ’ ಎಂಬ ಉತ್ತರಪದದಿಂದಲೂ ಜೋಡಿಯಾಗಿ ನಿಂತು, ಅರ್ಥದಲ್ಲಿ ಮಾತ್ರ ಒಂದಕ್ಕೊಂದು ವಿರುದ್ಧವಾಗಿವೆ. ಸಂಸ್ಕೃತ ಶ್ಲೋಕದಲ್ಲಿ ಈ ಕ್ರಮವು ಇನ್ನೂ ಸ್ಫುಟವಾಗಿರುವುದು. ಅದರ ವಿಷಮಪಾದಗಳೆರಡರಲ್ಲಿಯೂ ‘ಮೃತ್ಯು’ ಎಂಬ ಪದವಿದೆ. ಸಮಪಾದಗಳೆರಡರಲ್ಲಿಯೂ ‘ಮಾನ’ ಎಂಬ ಪದವಿದೆ. ಹೀಗೆ ಒಂದೊಂದು ಪಾದವನ್ನು ಬಿಟ್ಟು ಒಂದೊಂದು ಪಾದದಲ್ಲಿ ಎರಡು ಪದಗಳು ತಿರುಗಿ ಬರುವುದರಿಂದ ಮರಣವೂ ಮಾನವೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟಂತಾಗಿವೆ. ಮರಣದ ದುಃಖವು ಒಂದು ಕ್ಷಣದ್ದು, ಮಾನಭಂಗದ್ದು ದಿನದಿನವೂ ಇರುವುದು. ಈ ದಿನದಿನದ ಯಾತನೆಯನ್ನು ಹೇಳುವ ಸ್ಥಳದಲ್ಲಿ ದಿನವಾಚಕವಾದ ಪದವು ದ್ವಿರುಕ್ತವಾಗಿದೆ. ಶಾಸನವನ್ನು ಸಂಯೋಜಿಸಿದವನು ಎಂತಹ ಕಿವಿಯುಳ್ಳವನೆಂಬುದಕ್ಕೆ ಇಷ್ಟೇ ಸೂಚನೆಯು ಸಾಕು.

೩. ಗಣವಿಭಾಗ

ತ್ರಿಪದಿಯು ಅಂಶಗಣಬದ್ಧವಾದ ಛಂದಸ್ಸು. ಹತ್ತನೆಯ ಶತಮಾನದ ಕೊನೆಯ ಭಾಗದ ಒಂದನೆಯ ನಾಗವರ್ಮನು ಛಂದೋಂಬುಧಿಯಲ್ಲಿ ಇದನ್ನು ಕರ್ಣಾಟಕವಿಷಯಜಾತಿಗಳಲ್ಲಿ ಗಣಿಸಿದ್ದಾನೆ. ಅವನ ಲಕ್ಷಣದಂತೆ ತ್ರಿಪದಿಯಲ್ಲಿ ಒಟ್ಟು ಹನ್ನೊಂದು ಗಣಗಳು. ಆರನೆಯದೂ ಹತ್ತನೆಯದೂ ಬ್ರಹ್ಮಗಣಗಳು, ಉಳಿದ ಒಂಬತ್ತೂ ವಿಷ್ಣುಗಣಗಳು. ಮೊದಲ ಎರಡು ಪಾದಗಳಲ್ಲಿ ನಾಲ್ಕು ನಾಲ್ಕು ಗಣಗಳೂ ಕೊನೆಯ ಪಾದದಲ್ಲಿ ಮೂರು ಗಣಗಳೂ ಇರುವುವು.

ಬ್ರಹ್ಮಗಣಕ್ಕೆ ಎರಡು ಅಂಶಗಳು, ವಿಷ್ಣುಗಣಕ್ಕೆ ಮೂರು. ಗಣದ ಮೊದಲನೆಯ ಅಂಶವು ಒಂದು ಗುರುವಾಗಿರಬೇಕು, ಇಲ್ಲವೆ ಎರಡು ಲಘುಗಳಾಗಿರಬೇಕು. ಅಲ್ಲಿಂದ ಮುಂದೆ ಗುರುವಾಗಲಿ ಲಘುವಾಗಲಿ ಪ್ರತಿಯೊಂದು ಅಕ್ಷರವೂ ಒಂದೊಂದು ಅಂಶವೆನಿಸುವುದು. ಆದುದರಿಂದ ಬ್ರಹ್ಮಗಣಕ್ಕೆ ನಾಲ್ಕು ರೂಪಗಳೂ ವಿಷ್ಣುಗಣಕ್ಕೆ ಎಂಟು ರೂಪಗಳೂ ಸಿದ್ಧಿಸುತ್ತವೆ. ‘ಊರು’, ‘ಮರವು’ ಎಂಬ ಪದಗಳು ಬ್ರಹ್ಮಗಣಗಳು. ‘ಬಾದಾಮಿ’, ‘ಕೆರೆಯಂತೆ’ ಎಂಬವು ವಿಷ್ಣುಗಣಗಳು. ಮಾತ್ರೆಯಲ್ಲಿ ಎಣಿಸಿದರೆ ಬ್ರಹ್ಮಗಣವು ಮೂರು ಅಥವಾ ನಾಲ್ಕು ಮಾತ್ರೆಗಳಾಗಬಹುದು. ವಿಷ್ಣುಗಣವು ನಾಲ್ಕರಿಂದ ಆರು ಮಾತ್ರೆಗಳವರೆಗೆ ಹಿಗ್ಗಬಹುದು. ಅಂಶದ ಲೆಕ್ಕದಲ್ಲಿ ತ್ರಿಪದಿಯು ಯಾವಾಗಲೂ ಮೂವತ್ತೊಂದು ಅಂಶಗಳು. ಮಾತ್ರೆಯ ಲೆಕ್ಕದಲ್ಲಿ ನಾಲ್ವತ್ತೆರಡರಿಂದ ಅರುವತ್ತೆರಡರವರೆಗೆ ಎಷ್ಟಾದರೂ ಆಗಬಹುದು.

ಈ ಲಕ್ಷಣವನ್ನು ಶಾಸನದ ಮೇಲಿಟ್ಟು ನೋಡಿದರೆ ಮೂರು ಪದ್ಯಗಳೂ ಅದಕ್ಕೆ ಸರಿಹೊಂದುತ್ತವೆ. ಗಣಗಣವಾಗಿ ಮಾತ್ರೆಗಳನ್ನು ಬರೆದರೆ ಹೀಗಾಗುತ್ತದೆ:

ಮೊದಲನೆಯ ತ್ರಿಪದಿ: ೪, ೫, ೫, ೬ | ೫, ೩, ೪, ೬ | ೪, ೪, ೫, ಒಟ್ಟು ೫೧ ಮಾತ್ರೆ.
ಎರಡನೆಯ ತ್ರಿಪದಿ: ೫, ೬, ೪, ೫ | ೫, ೩, ೬, ೬ | ೫, ೩, ೫, ಒಟ್ಟು ೫೩ ಮಾತ್ರೆ.
ಮೂರನೆಯ ತ್ರಿಪದಿ: ೪, ೫, ೫, ೫ | ೫, ೩, ೬, ೬ | ೬, ೩, ೬, ಒಟ್ಟು ೫೪ ಮಾತ್ರೆ.

ಅಂಶಗಳಾದರೋ ಮೂರರಲ್ಲಿಯೂ ಹನ್ನೆರಡು, ಹನ್ನೊಂದು, ಎಂಟು ಎಂದೇ ನಿಂತಿವೆ. ನಿಯಮಕ್ಕೆ ಸ್ವಲ್ಪ ಹೊರಗಾಗಿ ಕಾಣುವುದು ಒಂದೇ ಗಣ: ಎರಡನೆಯ ಪದ್ಯದ ಎಂಟನೆಯದು. ಅಲ್ಲಿ ‘ಪುರಾಕೃತ’ ಎಂಬ ಸಂಸ್ಕೃತ ಪದವು ರೂಪಭೇದವಿಲ್ಲದೆ ಬಂದಿರುವುದರಿಂದ ಗಣದ ಆದಿಯಲ್ಲಿ ಒಂಟಿ ಲಘುವಿನ ಮೇಲೆ ಗುರುವು ಬಿದ್ದಿದೆ. ಲಘುಗುರುಗಳೆರಡನ್ನೂ ಕೂಡಿಸಿ ಮೊದಲನೆಯ ಅಂಶವೆಂದೆಣಿಸಿದರೆ ಗಣವು ಸರಿಯಾಗುತ್ತದೆ. ಮೂವತ್ತಮೂರು ಗಣಗಳಲ್ಲಿ ಇಂತಹುದು ಒಂದೇ ಒಂದು ಇರುವುದು ಕವಿಯ ಎಚ್ಚರಿಕೆಗೇ ಸಾಕ್ಷಿ.

ಮತ್ತೊಂದು ಸಂಗತಿಯು ಗಮನಾರ್ಹವಾಗಿದೆ. ಇಪ್ಪತ್ತೇಳು ವಿಷ್ಣುಗಣಗಳಲ್ಲಿ ಹದಿಮೂರು ಐದು ಮಾತ್ರೆಗಳವು, ಒಂಬತ್ತು ಆರು ಮಾತ್ರೆಗಳವು, ಐದು ನಾಲ್ಕು ಮಾತ್ರೆಗಳವು. ವಿಷ್ಣುಗಣದ ಎಂಟು ರೂಪಗಳಲ್ಲಿ ನಾಲ್ಕು ಪಂಚಮಾತ್ರಾತ್ಮಕವಾದುವೇ. ಆದುದರಿಂದ ಅರ್ಧದಷ್ಟು ಗಣಗಳು ಐದು ಮಾತ್ರೆಯವಾಗಿರುವುದು ಸಹಜವಾಗಿದ್ದು, ಕವಿಯು ಅದನ್ನು ನಿಯಮವೆಂದು ಭಾವಿಸಿದಂತೆ ತೋರುವುದಿಲ್ಲ. ಮುಂದೆ ತ್ರಿಪದಿಯು ಮೆಲ್ಲಮೆಲ್ಲಗೆ ಐದೈದು ಮಾತ್ರೆಗಳ ನಡೆಗೆ ಒಲಿದು, ಸರ್ವಜ್ಞನ ಹೊತ್ತಿಗೆ ಬಹುಮಟ್ಟಿಗೆ ಮಾತ್ರಾಬಂಧವೇ ಆಯಿತು. ಆ ನಡೆಗೆ ಕಿವಿಯೊಗ್ಗಿದವರು ಈ ಶಾಸನವನ್ನೋದುವಾಗ ಮೊದಲನೆಯ ಪದ್ಯದ ಎರಡನೆಯ ಪಾದದಲ್ಲಿ ಹದಿನೆಂಟೇ ಮಾತ್ರೆಗಳಿರುವುದನ್ನೂ ಉಳಿದ ಪದ್ಯಗಳ ಅದೇ ಪಾದದಲ್ಲಿ ಇಪ್ಪತ್ತಿರುವುದನ್ನೂ ಕಂಡು ಅಕ್ಷರಲೋಪವನ್ನು ಶಂಕಿಸುವ ಸಂಭವವುಂಟು. ಅಂಶದಿಂದ ಎಣಿಸಿದರೆ ಮೂರರಲ್ಲಿಯೂ ಹನ್ನೊಂದೇ ಅಂಶಗಳಿರುವುದರಿಂದ ಲೋಪವೂ ಇಲ್ಲ, ತಿದ್ದುಪಡಿಯ ಆವಶ್ಯಕತೆಯೂ ಇಲ್ಲ.

೪. ಪ್ರಾಸ

ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವು ಬರುವ ಆದಿಪ್ರಾಸವು ಕನ್ನಡ ಪದ್ಯದ ಜೀವವೆಂದು ಪೂರ್ವಿಕರು ಎಣಿಸಿದ್ದರು. ಯತಿಯನ್ನು ಮೀರಿದರೂ ಪ್ರಾಸವನ್ನು ಬಿಡುವ ರೂಢಿಯು ಹಳಗನ್ನಡ ಕವಿಗಳಲ್ಲಿರಲಿಲ್ಲ. ಈ ಶಾಸನದ ಸಂಸ್ಕೃತ ಶ್ಲೋಕದಲ್ಲಿ ಆದಿಪ್ರಾಸವಿಲ್ಲ. ಅದರ ಬೆನ್ನಿಗೇ ಬರುವ ಮೂರು ಕನ್ನಡ ಪದ್ಯಗಳಲ್ಲಿ ತಪ್ಪದೆ ಇದೆ. ಒಂದೇ ಬಂಡೆಯ ಮೇಲೆ ಎರಡು ಭಾಷೆಗಳೂ ತಮ್ಮ ತಮ್ಮ ಸಂಪ್ರದಾಯವನ್ನು ಹೀಗೆ ಪಾಲಿಸಿರುವುದರಿಂದ, ಪ್ರಾಸನಿಯಮವು ಆ ಕಾಲಕ್ಕೇ ದೃಢವಾಗಿ ನೆಲೆಗೊಂಡಿದ್ದಿತೆಂದು ತಿಳಿಯಬಹುದು.

ಮೊದಲನೆಯ ತ್ರಿಪದಿಯಲ್ಲಿ ಪ್ರಾಸಾಕ್ಷರವು ಧಕಾರ. ಅದರ ಹಿಂದೆ ಮೂರು ಪಾದಗಳಲ್ಲಿಯೂ ದೀರ್ಘಸ್ವರವಿರುವುದರಿಂದ ಇದು ಗಜಪ್ರಾಸ. ಮೂರನೆಯದರಲ್ಲಿ ದ್ವಿತ್ವವಾದ ಟಕಾರವು ಪ್ರಾಸಸ್ಥಾನದಲ್ಲಿದೆ; ಅದು ಹಯಪ್ರಾಸ. ಎರಡನೆಯದರಲ್ಲಿಯೂ ದ್ವಿತ್ವವೇ ಇದೆ. ಆದರೆ ಮೊದಲನೆಯ ಪಾದದಲ್ಲಿ ಳಕಾರ, ಮುಂದಿನ ಎರಡು ಪಾದಗಳಲ್ಲಿ ಲಕಾರ. ಕಟ್ಟುನಿಟ್ಟಾದ ಲಾಕ್ಷಣಿಕನು ಇದನ್ನು ಆಕ್ಷೇಪಿಸಬಹುದು. ಆದರೆ ಈ ಎರಡು ವರ್ಣಗಳು ಉಚ್ಚಾರಣೆಯಲ್ಲಿ ತೀರ ಸಮೀಪವಾದುವು. ದೇಶೀಯ ಪದ್ಯವು ಕಿವಿಯನ್ನು ಪ್ರಮಾಣವಾಗಿಟ್ಟುಕೊಂಡು ನಡೆಯುವುದರಿಂದ ಕಿವಿಗೆ ಒಪ್ಪಿದುದು ಅಲ್ಲಿ ಸಲ್ಲುತ್ತದೆ. ಅದಲ್ಲದೆ ಮೊದಲನೆಯ ಪಾದದ ಮೂರನೆಯ ಗಣದ ಆದಿಯಲ್ಲಿ ದ್ವಿತ್ವಲಕಾರವು ಬಂದು ಈ ಕೊರತೆಯನ್ನು ಆ ಪಾದದೊಳಗೇ ತುಂಬಿಕೊಟ್ಟಿದೆ.

ಈ ಒಳಪ್ರಾಸವು ಆಕಸ್ಮಿಕವಲ್ಲ. ಮೂರನೆಯ ತ್ರಿಪದಿಯಲ್ಲಿಯೂ ಮೊದಲನೆಯ ಪಾದದ ಮೂರನೆಯ ಗಣವು ಪ್ರಾಸಾಕ್ಷರದೊಡನೆಯೇ ಆರಂಭವಾಗುತ್ತದೆ. ನಾಲ್ಕು ಗಣಗಳ ಪಾದವನ್ನು ಎರಡೆರಡಾಗಿ ಒಡೆದು, ಎರಡು ಅರ್ಧಗಳ ಆದಿಯನ್ನೂ ಪ್ರಾಸದಿಂದ ಗುರುತಿಸುವ ಈ ಕ್ರಮವು ಮುಂದೆ ತ್ರಿಪದಿಯ ಒಂದು ಚಿಹ್ನೆಯೇ ಆಯಿತು. ಬೀಸುವ ಕಲ್ಲಿನ ಮುಂದೆ ಹೆಂಗಳೆಯರು ಹಾಡುವ ತ್ರಿಪದಿಗಳಲ್ಲಿಯೂ ಅದು ಹೇರಳವಾಗಿ ಕಾಣುವುದು; ೧೯೩೧ರಲ್ಲಿ ಹಲಸಂಗಿಯ ಗೆಳೆಯರು ಪ್ರಕಟಿಸಿದ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ನೋಡಿದವರಿಗೆ ಇದು ತಿಳಿದೇ ಇದೆ.

ಮೊದಲನೆಯ ತ್ರಿಪದಿಯ ಪ್ರಾಸವು ಇನ್ನೂ ವಿಶಿಷ್ಟವಾದುದು. ದೀರ್ಘ ಆಕಾರದ ಮೇಲೆ ಧಕಾರವು ಬರುವ ಧ್ವನಿಯು ಪಾದಾದಿಯಲ್ಲಿ ಮೂರು ಸಲ ಬಂದಿದ್ದರೆ ನಿಯಮಕ್ಕೆ ಸಾಕಾಗಿತ್ತು. ಇಲ್ಲಿ ಅದು ಆರು ಸಲ ಬಂದಿದೆ. ಒಂದನೆಯ, ಎರಡನೆಯ, ನಾಲ್ಕನೆಯ, ಐದನೆಯ ಮತ್ತು ಒಂಬತ್ತನೆಯ ಗಣಗಳು ಆ ಧ್ವನಿಯಿಂದಲೇ ಆರಂಭವಾಗುತ್ತವೆ. ಉಳಿದ ಒಂದು ಸಲ ಅದು ಎರಡನೆಯ ಗಣದ ಕೊನೆಯಲ್ಲಿ ಮೊದಲಾಗಿ ಮೂರನೆಯ ಗಣದ ಆದಿಗೆ ದಾಟುತ್ತದೆ. ಮೊದಲನೆಯ ಪಾದದಲ್ಲಿ ಈ ಧ್ವನಿಯು ಸಜ್ಜನಿಕೆಯನ್ನೂ ಸವಿಯನ್ನೂ ಹೇಳುವ ಪದಗಳಲ್ಲಿದೆ. ಎರಡನೆಯ ಪಾದದ ಮೊದಲಿನಲ್ಲಿ ಅದೇ ಧ್ವನಿಯು ಬಾಧೆಯನ್ನು ಹೇಳುವ ಪದದಲ್ಲಿದೆ. ಮೂರನೆಯ ಪಾದದಲ್ಲಿ ‘ಮಾಧವ’ನೆಂಬ ಹೆಸರಿನಲ್ಲಿದೆ. ಹಿತವಾದುದೂ ಅಹಿತವಾದುದೂ ಒಂದೇ ದಾರದಲ್ಲಿ ಪೋಣಿಸಲ್ಪಟ್ಟು, ಕೊನೆಗೆ ದೈವದ ಹೆಸರಿನಲ್ಲಿ ಗಂಟುಬಿದ್ದಿರುವುದು. ಆ ಹೆಸರಿನ ಮೊದಲನೆಯ ಅಕ್ಷರವೂ ಧಕಾರವೂ ‘ಮಾಧುರ್ಯ’ ಎಂಬ ಪದದಲ್ಲಿ ಎರಡು ಸಲ ಮೊದಲೇ ಕಿವಿಗೆ ಬಿದ್ದಿರುವುದರಿಂದ, ‘ಮಾಧವ’ನೆಂದೊಡನೆ ಅದು ಹೊರಗಿನಿಂದ ತಂದು ಸೇರಿಸಿದ ಹೋಲಿಕೆಯೆನಿಸದೆ ಪದ್ಯದೊಳಗಿನಿಂದಲೇ ಹುಟ್ಟಿಬಂದಂತೆ ಕೇಳಿಸುತ್ತದೆ.

೫. ಮೊದಲನೆಯ ತ್ರಿಪದಿಯ ಆವೃತ್ತಿ

ಅಲಂಕಾರಶಾಸ್ತ್ರದಲ್ಲಿ ಪದದ ಪುನಃಪ್ರಯೋಗವು ದೋಷವೂ ಆಗಬಹುದು, ಗುಣವೂ ಆಗಬಹುದು. ಹೇಳಿದುದನ್ನೇ ವಿಶೇಷವಿಲ್ಲದೆ ಮತ್ತೆ ಹೇಳುವುದನ್ನು ದಂಡಿಯು ‘ಏಕಾರ್ಥ’ವೆಂಬ ದೋಷವಾಗಿ ಎಣಿಸಿದ್ದಾನೆ; ಆದರೂ ಭಾವವಿಶೇಷವನ್ನು ಸೂಚಿಸುವಾಗ ಅದು ದೋಷವಲ್ಲವೆಂದೂ ಹೇಳಿದ್ದಾನೆ. ಅವನೇ ‘ಆವೃತ್ತಿ’ಯೆಂಬ ಅಲಂಕಾರವನ್ನು ಹೇಳಿ, ಅರ್ಥದ ಆವೃತ್ತಿ, ಪದದ ಆವೃತ್ತಿ, ಎರಡರ ಆವೃತ್ತಿ ಎಂದು ಮೂರು ವಿಧವಾಗಿ ವಿಭಾಗಿಸಿದ್ದಾನೆ. ಮುಂದೆ ಮಮ್ಮಟನು ಕಾವ್ಯಪ್ರಕಾಶದಲ್ಲಿ, ಪದವೂ ಅರ್ಥವೂ ಒಂದೇ ಆಗಿದ್ದು ತಾತ್ಪರ್ಯದಲ್ಲಿ ಮಾತ್ರ ಭೇದವಿದ್ದರೆ ಅದು ಲಾಟಾನುಪ್ರಾಸವೆಂದು ನಿರೂಪಿಸಿದನು. ಧ್ವನಿಯು ಒಂದೇ ಆಗಿ ಅರ್ಥವು ಬೇರೆಯಾದರೆ ಅದು ಯಮಕದ ವಿಷಯ.

ಮೊದಲನೆಯ ತ್ರಿಪದಿಯ ಮೊದಲನೆಯ ಪಾದದಲ್ಲಿರುವ ಎರಡು ಜೋಡಿಗಳೂ ಲಾಟಾನುಪ್ರಾಸಕ್ಕೆ ಸೇರುತ್ತವೆ. ಪ್ರತಿಯೊಂದು ಜೋಡಿಯಲ್ಲಿಯೂ ಪದವು ಮೊದಲು ಚತುರ್ಥಿಯಲ್ಲಿ ಬಂದು, ಬಳಿಕ ಪ್ರಥಮೆಯಲ್ಲಿ ಬರುತ್ತದೆ. ಒಮ್ಮೆ ಅದು ಎದುರಿಗಿರುವವನ ಗುಣ. ಮತ್ತೊಮ್ಮೆ ನಾಯಕನ ಗುಣ. ಅರ್ಥವೊಂದೇ, ಆಶ್ರಯವು ಬೇರೆ. ಕನ್ನಡಿಯಲ್ಲಿ ಬಿಂಬದಂತೆ ಪ್ರತಿಬಿಂಬವಿರುವ ಹಾಗೆ, ಯಾರು ಹೇಗೆ ಬರುವರೋ ಅವರಿಗೆ ನಾಯಕನು ಹಾಗೆಯೇ ಇರುವನೆಂಬ ನ್ಯಾಯವು ಇಲ್ಲಿ ಸ್ಥಾಪಿತವಾಗುತ್ತದೆ. ಇದನ್ನು ಬೇರೆ ಬೇರೆ ಪರ್ಯಾಯಪದಗಳಿಂದ ಹೇಳಿದ್ದರೆ ಅರ್ಥವು ತಿಳಿಯುತ್ತಿದ್ದಿತು. ಸಮಾನವಾದ ಪ್ರತಿಫಲವೆಂಬ ನ್ಯಾಯವು ಕಿವಿಗೆ ಸಿದ್ಧವಾಗುತ್ತಿರಲಿಲ್ಲ. ಇಲ್ಲಿ ಆವೃತ್ತಿಯೇ ವಾದ.

ಎರಡು ಸಲ ಹೀಗೆ ನಡೆದ ಮೇಲೆ ಕೇಳುವವನು ಮೂರನೆಯದನ್ನು ತಾನೇ ನಿರೀಕ್ಷಿಸುತ್ತಾನೆ. ಎರಡನೆಯ ಪಾದದಲ್ಲಿ ಬಾಧೆಪಡಿಸುವವನ ಪ್ರಸ್ತಾವವು ಬಂದು, ‘ಕಲಿಗೆ’ ಎಂಬ ಚತುರ್ಥ್ಯಂತವು ಕಿವಿಗೆ ಬಿದ್ದಾಗ, ಮುಂದೆ ‘ಕಲಿ’ ಎಂಬ ಪದವೇ ಬರಬೇಕೆಂದು ತೋರುವುದು. ಮುಂದಿನ ಗಣದ ಮೊದಲ ಎರಡು ಲಘುಗಳು ಆ ನಿರೀಕ್ಷೆಯನ್ನು ಸಲ್ಲಿಸಿಯೂ ಬಿಡುತ್ತವೆ. ಒಂದು ಅಂಶದ ಕಾಲ ‘ಕಲಿಗೆ ಕಲಿ’ಯೆಂಬ ಪೂರ್ಣವಾದ ಅರ್ಥವು ನಿಲ್ಲುತ್ತದೆ. ಅಷ್ಟರಲ್ಲಿಯೇ ಅದು ‘ಕಲಿಯುಗ’ವೆಂದು ಬೆಳೆದು, ಎಂಟನೆಯ ಗಣದಲ್ಲಿ ‘ವಿಪರೀತ’ನೆಂದು ತಿರುಗಿಬಿಡುವುದು. ಸಾಧುವಿಗೆ ಸಾಧುವಾದವನು ಕಲಿಗೆ ಕಲಿಯಾಗಲಿಲ್ಲ; ಕಲಿಗೆ ವಿರುದ್ಧನಾದನು. ಒಳ್ಳಿತನ್ನು ಒಳ್ಳಿತಿನಿಂದ ಎದುರುಗೊಳ್ಳುವವನು ಕೇಡನ್ನು ಕೇಡಿನಿಂದಲೇ ಎದುರಿಸಿದರೆ ಕಲಿಯ ಬಳಗಕ್ಕೆ ಸೇರಿದಂತಾಗುವುದು. ಆವೃತ್ತಿಯು ಮುರಿದ ಸ್ಥಳದಲ್ಲಿಯೇ ಪದ್ಯದ ನೀತಿಯಿದೆ.

‘ಕಲಿ’ ಎಂಬ ಶಬ್ದವು ಕನ್ನಡದಲ್ಲಿ ವೀರನಿಗೂ ಸಂಸ್ಕೃತದಲ್ಲಿ ನಾಲ್ಕನೆಯ ಯುಗಕ್ಕೂ ಅದರ ಅಧಿದೇವತೆಗೂ ವಾಚಕವಾಗಿರುವುದರಿಂದ, ಇಲ್ಲಿ ಬಾಧಿಸುವವನು ಪರಾಕ್ರಮಿಯಾದ ಶತ್ರುವೋ ಕಲಿಪುರುಷನೋ ಎಂದು ಸಂಶಯವುಂಟಾಗಬಹುದು. ಶತ್ರುವೆಂದರೆ ಯಮಕದ ಛಾಯೆಯು ಬರುತ್ತದೆ; ಕಲಿಪುರುಷನೆಂದರೆ ಲಾಟಾನುಪ್ರಾಸವು ಮುಂದುವರಿಯುತ್ತದೆ. ಮುಂದಿನ ಎರಡು ಪದ್ಯಗಳ ಸಾಕ್ಷ್ಯದಿಂದ ಎರಡನೆಯ ಅರ್ಥವೇ ಬಲವಾಗುವುದೆಂಬುದು ಕೆಳಗಿನ ವಿಚಾರದಿಂದ ತಿಳಿಯುವುದು.

೬. ಆರನೆಯ ಗಣ

ತ್ರಿಪದಿಯ ನಡೆಯಲ್ಲಿ ಆರನೆಯ ಗಣವು ಮರ್ಮಸ್ಥಾನ. ಮೊದಲ ಐದು ಗಣಗಳು ಮೂರು ಮೂರು ಅಂಶಗಳಿಂದ ಸಮವಾಗಿ ನಡೆದುಬಂದು, ಆರನೆಯದರಲ್ಲಿ ಎರಡೇ ಅಂಶಗಳಾಗಿ ಹೆಜ್ಜೆಯು ಕಿರಿದಾಗುತ್ತದೆ. ಅಲ್ಲಿ ನಿಂತ ಪದವು ಕಿವಿಗೆ ತಾನಾಗಿಯೇ ಬೇರ್ಪಟ್ಟು ಕೇಳಿಸುವುದು. ಈ ಮೂರು ತ್ರಿಪದಿಗಳ ಆರನೆಯ ಗಣಗಳನ್ನು ಎತ್ತಿ ನೋಡಿದರೆ ಮೂರರಲ್ಲಿಯೂ ಇರುವುದು ಒಂದೇ ಪದ: ‘ಕಲಿಗೆ’. ಅದು ಮೂರೂ ಅಕ್ಷರಗಳು ಲಘುವಾಗಿರುವ, ಮೂರೇ ಮಾತ್ರೆಗಳ ಗಣ. ಬ್ರಹ್ಮಗಣವು ಎಷ್ಟು ಕಿರಿದಾಗಬಹುದೋ ಅಷ್ಟು ಕಿರಿದಾದುದು.

ಇಷ್ಟೇ ಅಲ್ಲ. ಅದರ ಹಿಂದಿನ ಐದನೆಯ ಗಣವು, ಎಂದರೆ ಎರಡನೆಯ ಪಾದದ ಆದಿಗಣವು, ಮೂರು ಪದ್ಯಗಳಲ್ಲಿಯೂ ಬಕಾರದಿಂದಲೇ ಆರಂಭವಾಗುತ್ತದೆ. ಮೂರರಲ್ಲಿಯೂ ಐದು ಮಾತ್ರೆಗಳೇ ಇವೆ. ಹೀಗೆ ಎರಡನೆಯ ಪಾದವು ಮೂರು ಸಲವೂ ಒಂದೇ ಅಕ್ಷರದಿಂದ ಹೊರಟು, ಒಂದೇ ಅಳತೆಯ ಕಾಲವನ್ನು ಕಳೆದು, ಒಂದೇ ಪದವನ್ನು ಮುಟ್ಟುತ್ತದೆ. ಗಣದ ಅಳತೆಯು ನಾಲ್ಕರಿಂದ ಆರು ಮಾತ್ರೆಗಳವರೆಗೆ ಓಲಾಡುವುದಕ್ಕೆ ಅವಕಾಶವಿರುವ ಛಂದಸ್ಸಿನಲ್ಲಿ, ಈ ಸ್ಥಳದಲ್ಲಿ ಅಳತೆಯು ಅಲುಗಾಡದೆ ನಿಂತಿರುವುದು ವಿಚಾರಯೋಗ್ಯವಾಗಿದೆ.

ಇನ್ನೊಂದು ಬ್ರಹ್ಮಗಣವಾದ ಹತ್ತನೆಯದರೊಡನೆ ಇದನ್ನು ಹೋಲಿಸಿದರೆ ವಿಷಯವು ಸ್ಪಷ್ಟವಾಗುವುದು. ಹತ್ತನೆಯ ಗಣದಲ್ಲಿ ಮೂರು ಪದ್ಯಗಳಿಗೂ ಸಮಾನವಾದ ಪದವಿಲ್ಲ. ಅಲ್ಲಿ ಪೂರ್ಣವಾದ ಪದವೇ ಇಲ್ಲ: ಮೊದಲನೆಯದರಲ್ಲಿ ಹಿಂದಿನ ಪದದ ಕೊನೆಯ ವ್ಯಂಜನವು ಸಂಧಿಯಿಂದ ಗಣದೊಳಕ್ಕೆ ಬಂದಿದೆ, ಎರಡನೆಯದರಲ್ಲಿ ಒಂದು ಕ್ರಿಯಾಪದವು ನಡುವೆ ಕತ್ತರಿಸಿ ಗಣವಾಗಿದೆ, ಮೂರನೆಯದರಲ್ಲಿ ಕ್ರಿಯಾಪದದ ಕಡೆಯ ವ್ಯಂಜನವು ಮುಂದಿನ ಗಣಕ್ಕೆ ಹೋಗಿದೆ. ಗಣವೂ ಪದವೂ ಒಂದಾಗಬೇಕೆಂಬ ನಿರ್ಬಂಧವು ಈ ಕವಿಗಿರಲಿಲ್ಲ. ಹಾಗಿದ್ದರೂ ಆರನೆಯ ಸ್ಥಾನದಲ್ಲಿ ಮೂರು ಸಲವೂ ಪದವು ಇಡಿಯಾಗಿದೆ, ಮೂರು ಸಲವೂ ಅದೇ ಪದವಾಗಿದೆ.

೭. ಒಂದು ಆಕ್ಷೇಪವೂ ಸಮಾಧಾನವೂ

‘ಕಲಿಯುಗವಿಪರೀತ’ನೆಂಬುದು ನಾಯಕನ ಬಿರುದು, ಬಿರುದನ್ನು ಪ್ರತಿಯೊಂದು ಪದ್ಯದಲ್ಲಿಯೂ ಹೇಳಬೇಕಾಗಿದ್ದುದರಿಂದ ಛಂದಸ್ಸು ಅವಕಾಶವಿತ್ತ ಒಂದೇ ಸ್ಥಳದಲ್ಲಿ ಅದು ಬಂದಿತು, ಇದರಲ್ಲಿ ಕವಿಯ ಚಾತುರ್ಯವೇನೂ ಇಲ್ಲ ಎಂದು ಆಕ್ಷೇಪಿಸಬಹುದು. ಗಣಗಳೇ ಇದಕ್ಕೆ ಉತ್ತರವನ್ನು ಹೇಳುತ್ತವೆ.

‘ಕಲಿಯುಗ’ ಎಂಬುದು ಮೂರು ಅಂಶಗಳ ವಿಷ್ಣುಗಣ. ‘ವಿಪರೀತ’ ಎಂಬುದೂ ವಿಷ್ಣುಗಣ. ಆದುದರಿಂದ ಬಿರುದು ಇದ್ದ ರೂಪದಲ್ಲಿಯೇ ಸರಿಯಾಗಿ ಎರಡು ವಿಷ್ಣುಗಣಗಳಾಗುತ್ತದೆ. ತ್ರಿಪದಿಯಲ್ಲಿ ಪಾದವನ್ನು ದಾಟದೆ ಎರಡು ವಿಷ್ಣುಗಣಗಳು ಒಟ್ಟಿಗೆ ನಿಲ್ಲುವ ಸ್ಥಳಗಳು ನಾಲ್ಕು: ಒಂದು-ಎರಡು, ಎರಡು-ಮೂರು, ಮೂರು-ನಾಲ್ಕು, ಮತ್ತು ಏಳು-ಎಂಟು. ಈ ನಾಲ್ಕರಲ್ಲಿ ಎಲ್ಲಿಯಾದರೂ ಬಿರುದನ್ನು ಮುರಿಯದೆ ಕೂರಿಸಬಹುದಾಗಿದ್ದಿತು. ಮೊದಲನೆಯ ಪದ್ಯದಲ್ಲಿ ಕವಿಯು ಹಾಗೆಯೇ ಮಾಡಿ ಏಳು-ಎಂಟನೆಯ ಸ್ಥಾನಗಳಲ್ಲಿ ಅದನ್ನು ಇಟ್ಟಿದ್ದಾನೆ. ಎರಡನೆಯ ಮತ್ತು ಮೂರನೆಯ ಪದ್ಯಗಳಲ್ಲಿ ಮಾತ್ರ ಸಮಾಸವನ್ನು ಬಿಡಿಸಿ, ‘ಯುಗ’ವೆಂಬುದನ್ನು ಕೈಬಿಟ್ಟು, ‘ಕಲಿಗೆ’ ಎಂಬ ಚತುರ್ಥ್ಯಂತವನ್ನು ‘ವಿಪರೀತ’ದ ಹಿಂದೆ ಇಟ್ಟನು. ಈ ವ್ಯಸ್ತರೂಪವು ಒಂದು ಬ್ರಹ್ಮಗಣ, ಒಂದು ವಿಷ್ಣುಗಣ. ಅದು ನಿಯಮಕ್ಕೆ ಭಂಗವಿಲ್ಲದೆ ನಿಲ್ಲುವ ಸ್ಥಳಗಳು ಎರಡೇ: ಆರು-ಏಳು, ಮತ್ತು ಪದ್ಯದ ಕೊನೆಯ ಹತ್ತು-ಹನ್ನೊಂದು. ನಾಲ್ಕು ಕಡೆ ಹೊಂದುವ ರೂಪವನ್ನು ಬಿಟ್ಟು ಎರಡೇ ಕಡೆ ಹೊಂದುವ ರೂಪವನ್ನು ಎರಡು ಪದ್ಯಗಳಲ್ಲಿಯೂ ಆರಿಸಿಕೊಂಡು, ಆ ಎರಡು ಕಡೆಗಳಲ್ಲಿಯೂ ಒಂದನ್ನೇ ಎರಡು ಸಲವೂ ಆರಿಸಿಕೊಂಡುದು ಅನಿವಾರ್ಯತೆಯಿಂದಲ್ಲ, ಇಷ್ಟದಿಂದ. ಮೊದಲನೆಯ ಪದ್ಯದ ಆರನೆಯ ಸ್ಥಾನದಲ್ಲಿ ಕೇಳಿಸಿದ ಪದವು ಅದೇ ಸ್ಥಾನದಲ್ಲಿ ಮತ್ತೆ ಕೇಳಿಸಬೇಕೆಂಬುದೇ ಆ ಇಷ್ಟ.

ಇದರಿಂದ ಹಿಂದೆ ತೋರಿದ ಸಂಶಯಕ್ಕೂ ಪರಿಹಾರವು ದೊರೆಯುವುದು. ಎರಡನೆಯ ಮತ್ತು ಮೂರನೆಯ ಪದ್ಯಗಳಲ್ಲಿ ‘ಕಲಿಗೆ ವಿಪರೀತ’ನೆಂಬುದು ಪೀಠಿಕೆಯ ಬಿರುದಿನ ರೂಪಾಂತರವಾದುದರಿಂದ ಅಲ್ಲಿಯ ‘ಕಲಿ’ಯು ಕಲಿಯುಗದ ಕಲಿಯೇ ಹೊರತು ವೀರನಲ್ಲ. ಅದೇ ರೂಪದಲ್ಲಿ, ಅದೇ ಗಣದಲ್ಲಿ, ಅದೇ ಅಳತೆಯಲ್ಲಿ ಬಂದಿರುವ ಮೊದಲನೆಯ ಪದ್ಯದ ‘ಕಲಿ’ಗೂ ಅದೇ ಅರ್ಥವನ್ನು ಹೇಳುವುದು ಯುಕ್ತ. ವೀರನೆಂಬ ಅರ್ಥವು ಕಿವಿಯಲ್ಲಿ ಒಂದು ಕ್ಷಣ ಮಿಂಚಿ ಮರೆಯಾಗಬಹುದು. ಅದು ಪದ್ಯಕ್ಕೆ ಶೋಭೆಯೇ ಹೊರತು ತಾತ್ಪರ್ಯವಲ್ಲ.

ಮೂರು ಪದ್ಯಗಳ ಅರ್ಥಸಂಬಂಧವೂ ಈ ಆವೃತ್ತಿಯಿಂದಲೇ ಬಿಗಿಯಾಗಿರುವುದು. ನಡತೆ, ಪುರಾಕೃತ, ಶತ್ರುನಾಶ ಎಂಬ ಮೂರು ವಿಷಯಗಳು ತಮ್ಮಷ್ಟಕ್ಕೆ ದೂರದೂರವಾದುವು. ಮೊದಲನೆಯದು ಶೀಲವರ್ಣನೆ, ಎರಡನೆಯದು ಧರ್ಮತತ್ತ್ವ, ಮೂರನೆಯದು ದೃಷ್ಟಾಂತ. ಇವು ಮೂರೂ ತಮ್ಮ ತಮ್ಮ ನಡುಪಾದದಲ್ಲಿ ಒಂದೇ ಶತ್ರುವಿನ ಹೆಸರನ್ನು ಎತ್ತುವುದರಿಂದ, ಕಪ್ಪೆ ಅರಭಟ್ಟನ ಹೋರಾಟವು ಇಂಥ ಒಬ್ಬ ಮನುಷ್ಯನೊಡನೆ ನಡೆದುದಲ್ಲ, ಕಾಲದ ಸ್ವಭಾವದೊಡನೆಯೇ ನಡೆದುದು ಎಂಬ ಅಭಿಪ್ರಾಯವು ಪದ್ಯದಿಂದ ಪದ್ಯಕ್ಕೆ ಗಟ್ಟಿಯಾಗುತ್ತದೆ. ಮೂರನೆಯ ಪದ್ಯದಲ್ಲಿ ಕೆಡುವ ಶತ್ರುಗಳು ಮನುಷ್ಯರು. ಆದರೆ ಅವರು ಎದುರಿಸಿದುದು ಕಲಿಗೆ ವಿರುದ್ಧನಾದವನನ್ನು, ಆದುದರಿಂದ ಅವರು ಕಲಿಯ ಪಕ್ಷದವರೆಂದು ಬೇರೆ ಹೇಳಬೇಕಾಗಿಲ್ಲ.

೮. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ನಾಗವರ್ಮನು ತ್ರಿಪದಿಗೆ ಹೇಳಿರುವ ಹನ್ನೊಂದು ಗಣಗಳ ಲಕ್ಷಣವು, ಅವನಿಗಿಂತ ಮುನ್ನೂರು ವರ್ಷಗಳಷ್ಟು ಹಿಂದಿನ ಈ ಪದ್ಯಗಳಿಗೆ ಒಂದು ಗಣದ ಸಡಿಲಿಕೆಯನ್ನುಳಿದು ಪೂರ್ಣವಾಗಿ ಒಪ್ಪುತ್ತದೆ. ಆದುದರಿಂದ ಅವನು ಹೊಸ ನಿಯಮವನ್ನು ಕಲ್ಪಿಸಿದುದಲ್ಲ, ನಡೆದುಬಂದುದನ್ನು ದಾಖಲಿಸಿದುದು. ಆದಿಪ್ರಾಸವೂ ಮೊದಲ ಪಾದದ ಒಳಪ್ರಾಸವೂ ಆ ಕಾಲಕ್ಕೇ ರೂಢವಾಗಿದ್ದುವು. ಆವೃತ್ತಿಯು ಶಬ್ದದಾರಿದ್ರ್ಯದಿಂದ ಬಂದುದಲ್ಲ. ಮೊದಲನೆಯ ಪದ್ಯದಲ್ಲಿ ಅದು ನೀತಿಯನ್ನು ಸ್ಥಾಪಿಸಿ ತಿರುಗಿಸುವ ಸಾಧನ, ಮೂರು ಪದ್ಯಗಳ ಒಟ್ಟಂದದಲ್ಲಿ ಅವನ್ನು ಕಟ್ಟುವ ಸೂತ್ರ.

ಈ ಪದ್ಯಗಳನ್ನು ಪಠ್ಯಪುಸ್ತಕಗಳಲ್ಲಿಯೂ ಸಂಕಲನಗಳಲ್ಲಿಯೂ ಅಚ್ಚುಮಾಡುವವರಿಗೆ ಇದರಿಂದ ಎರಡು ಪ್ರಯೋಜನಗಳುಂಟು. ಮೊದಲನೆಯದಾಗಿ, ಪದ್ಯಗಳನ್ನು ಮಾತ್ರೆಯ ಅಳತೆಗೆಳೆದು ಅಕ್ಷರವನ್ನು ಕೂಡಿಸುವ ಅಥವಾ ಕಳೆಯುವ ಆಸೆಯನ್ನು ಬಿಡಬೇಕು. ಬಂಡೆಯ ಪಾಠವು ಅಂಶದ ಲೆಕ್ಕದಲ್ಲಿ ಸರಿಯಾಗಿಯೇ ಇದೆ. ಎರಡನೆಯದಾಗಿ, ಮೊದಲನೆಯ ತ್ರಿಪದಿಯೊಂದನ್ನೇ ಬಿಡಿಯಾಗಿ ಎತ್ತಿಕೊಡುವ ರೂಢಿಯಿಂದ ಪದ್ಯಕ್ಕೆ ನಷ್ಟವಿದೆ. ಆ ಒಂದನ್ನೇ ಓದಿದವನಿಗೆ ‘ಕಲಿಗೆ’ ಎಂಬುದು ಹತ್ತರಲ್ಲಿ ಹನ್ನೊಂದನೆಯ ಪದ; ಮೂರನ್ನೂ ಒಟ್ಟಿಗೆ ಗಣವಿಟ್ಟು ಓದಿದವನಿಗೆ ಅದು ಮೂರು ಸಲ ಒಂದೇ ಕಡೆ ಬಾರಿಸುವ ಗಂಟೆ. ಬಂಡೆಯ ಮೇಲೆ ಮೂರು ಪದ್ಯಗಳನ್ನೂ ಒಟ್ಟಿಗೆ ಕೊರೆಯಿಸಿದವನು ಅವು ಒಟ್ಟಿಗೆ ಓದಲ್ಪಡಬೇಕೆಂದೇ ಉದ್ದೇಶಿಸಿದ್ದನು.